ನೀನು ಬಿಗಿದ ಪಟ್ಟಿ

ಅಪ್ಪ,

ಇವತ್ತು ನಿನ್ನ ಲೈಫ್ ಜಾಕೆಟ್ ಹಾಕಿಕೊಂಡೆ. ಹೊಳೆಯಲ್ಲಿ ಹೆಂಗಸೊಬ್ಬಳು ಕೊಚ್ಚಿಹೋಗುತ್ತಿದ್ದಳು, ನಮ್ಮ ರಕ್ಷಣಾ ತಂಡಕ್ಕೆ ಒಂದು ಜಾಕೆಟ್ ಕಡಿಮೆ ಬಿತ್ತು. ದೋಣಿ ಮಾಮ ಮೊಳೆಯಿಂದ ನಿನ್ನದನ್ನು ತೆಗೆದು, "ಹಾಕ್ಕೊಳಮ್ಮ, ಏನೂ ಆಗಲ್ಲ" ಅಂದರು.

ಪಟ್ಟಿ ನನ್ನ ಸೊಂಟಕ್ಕೆ ಸಾಲಲಿಲ್ಲ. ಆವತ್ತು ನಡುಹೊಳೆಯಲ್ಲಿ ನಿನ್ನ ಮೈಯಿಂದ ಬಿಚ್ಚಿ, ಮುಳುಗುತ್ತಿದ್ದ ಆ ಮಗುವಿಗೆ ತೊಡಿಸಿ ಬಿಗಿದೆಯಲ್ಲ, ಅದೇ ಅಳತೆಯಲ್ಲಿತ್ತು. ಮಗುವೊಂದೇ ದಡ ಸೇರಿತ್ತು. "ನೀರಲ್ಲಿ ಜಾಕೆಟ್ ಬಿಚ್ಚೋನು ಶುದ್ಧ ಪೆದ್ದ" ಅಂತ ಎಲ್ಲರಿಗೂ ಬೈಯುತ್ತಿದ್ದವನು ನೀನೇ ತಾನೇ?

ಪಟ್ಟಿ ಸಡಿಲಿಸಿ ನೀರಿಗಿಳಿದೆ. ಹೆಂಗಸು ಬದುಕಿದಳು. "ನಿನ್ನ ಹೆತ್ತೋರ ಹೊಟ್ಟೆ ತಣ್ಣಗಿರ್ಲಿ" ಅಂದಳು.

ವಾಪಸ್ ಬಂದು, ಜಾಕೆಟ್ಟನ್ನು ಮೊಳೆಗೆ ಹಾಕುವ ಮುಂಚೆ ಪಟ್ಟಿಯನ್ನು ಮೊದಲಿನಂತೆ ಬಿಗಿಯಲು ನೋಡಿದೆ. ನೀನು ಎಲ್ಲಿಯವರೆಗೆ ಎಳೆದಿದ್ದೆಯೋ ಗೊತ್ತಾಗಲಿಲ್ಲ, ಅಪ್ಪ.