ಜಾಲಿಸಿದ ನೀರು

ಜೂನ್ 9, ಬೆಳಗಿನ ಜಾವ

ಕೆಟ್ಟ ಕನಸು. ಗಂಗಾಂಬಿಕೆಯ ಕೂದಲು ಬಣ್ಣದ ಹಂಡೆಯಲ್ಲಿ ನೂಲಿನ ಲಡಿಯಂತೆ ಮುಳುಗಿದೆ. ಕೋಲಿನಿಂದ ಎತ್ತುತ್ತೇನೆ, ಜಾಲಿಸುತ್ತೇನೆ. ನೀರು ಕೆಂಪು. ಮತ್ತೆ ಜಾಲಿಸುತ್ತೇನೆ. ಮತ್ತೂ ಕೆಂಪು. ಗದ್ವಾಲದ ಓಣಿ ಓಣಿಯಲ್ಲೂ ಹರಿದು, ಹೊಸ್ತಿಲು ದಾಟಿ… ಸೀರೆಗಳು ತೇಲುತ್ತಿವೆ. ಕೂದಲು ಮಾತ್ರ ಬಿಳಿ.

ಎದ್ದು ನೋಡಿದೆ. ಹೆಂಡತಿ ಮಲಗಿದ್ದಾಳೆ. ಉಸಿರಿದೆ.

ನಿನ್ನೆ ರಾಯಚೂರಿನ ಆಸ್ಪತ್ರೆಯಲ್ಲಿ ಮೊದಲ ಕೀಮೋ. ಎದೆಯ ಗಡ್ಡೆ ತೆಗೆದಾಗಿದೆ. ಕಣ್ಣಿಗೆ ಕಾಣದೆ ಉಳಿದದ್ದಕ್ಕೆ ಇದು. ಔಷಧದ ಹೆಸರು ಡಾಕ್ಸೊರುಬಿಸಿನ್ — ನಾಲಿಗೆ ಹೊರಳುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಸಿಸ್ಟರ್ ನವನೀತಾ ಪಕ್ಕದಲ್ಲೇ ಕೂತು ಸಿರಿಂಜನ್ನು ನಿಧಾನಕ್ಕೆ ಒತ್ತುತ್ತಿದ್ದಳು. ಕೆಂಪು ಅಂದರೆ ಕೆಂಪು.

"ಉರೀತೈತೇನ್ರಿ ಅಕ್ಕಾ? ಉರಿದ್ರ ಲಗೂನ ಹೇಳ್ರಿ. ನರದ ಹೊರಗ ಬಿದ್ರ ಮಾಂಸ ಸುಡ್ತೈತಿ."

ಗಂಗಾ ನನ್ನ ಕಡೆ ತಿರುಗಿ, "ಇಷ್ಟು ಚಂದ ಕೆಂಪು ನಿಮ್ಮ ಕೈಲೆ ಒಮ್ಮೆನೂ ಬಂದಿಲ್ಲ ನೋಡ್ರಿ" ಎಂದಳು. ಅಂಥ ಹೊತ್ತಿನಲ್ಲೂ!

ಅದೇ ದಿನ, ಮಧ್ಯಾಹ್ನ

ಮೂತ್ರ ಕೆಂಪು. ಒಂದೆರಡು ದಿನ ಹಾಗೇ, ಹೆದರಬೇಡಿ, ಚೆನ್ನಾಗಿ ನೀರು ಕುಡಿಸಿ ಅಂತ ಸಿಸ್ಟರ್ ಹೇಳಿದ್ದಳು. ಗೊತ್ತು. ಆದರೂ… ಅಪ್ಪನ ಕಾಲದಿಂದ ನೂಲಿಗೆ ಬಣ್ಣ ಹಾಕಿದ ಕೈ ಇದು. ಜಾಲಿಸಿದ ನೀರು ಕೆಂಪಾದರೆ ನೂಲು ಬಣ್ಣ ಹಿಡಿದಿಲ್ಲ ಅಂತಲೇ ಲೆಕ್ಕ. ಔಷಧವೂ ಹಿಡಿಯದೆ ಹೋಗುತ್ತಿದ್ದರೆ? ನೀರು ಕುಡಿಸಿದರೆ ಉಳಿದದ್ದೂ ಹೋದೀತು.

ಚೊಂಬನ್ನು ಮಗ್ಗದ ಹಿಂದೆ ಇಟ್ಟೆ.

"ಬಾಯಿ ಒಣಗ್ತೈತ್ರೀ."

"ಸ್ವಲ್ಪ ತಡಿ ಗಂಗಾ. ಹಿಡೀಲಿ."

ಜೂನ್ 10

ವಾಂತಿ. ಮತ್ತೆ ವಾಂತಿ. ಎದ್ದವಳು ಕಣ್ಣು ಕತ್ತಲೆ ಬಂದು ಮಗ್ಗಕ್ಕೆ ಒರಗಿ ಕುಸಿದಳು. ತುಟಿ ಬಿರಿದಿದೆ. ಗಂಜಿ ತಂದ ನಮ್ಮಕ್ಕ ಚನ್ನವೀರಮ್ಮನಿಗೆ ಚೊಂಬು ಸಿಕ್ಕಿತು.

"ಏಂದಿರಾ ಇದಿ, ಏನಲೇ ಇದು? ಚೊಂಬು ಇಲ್ಲಿ ಯಾಕೈತಿ?"

ಹೇಳಿದೆ.

"ಲೇ ಲಿಂಗಣ್ಣಾ, ಅಕಿ ನಿನ್ನ ಹೆಂಡ್ತಿ, ಲಡಿ ಅಲ್ಲ! ಹಂಗಾರ ಈ ಗಂಜಿ ಅಕಿ ಮೈಗೆ ಬಳದು ಮಗ್ಗಕ್ಕ ಏರಿಸಿಬಿಡು!"

ಸಿಸ್ಟರ್‌ಗೆ ಫೋನ್ ಮಾಡಿದೆ. ಈಗಲೇ ಕರೆದುಕೊಂಡು ಬನ್ನಿ ಅಂದಳು. ಹೊರಡುತ್ತಿದ್ದೇವೆ—

ಜೂನ್ 13

ಸಲೈನ್ ಹಾಕಿದರು. ಮನೆಗೆ ಬಂದೆವು. ಡಾಕ್ಟರಮ್ಮ ಹೇಳಿದ್ದನ್ನು ಬರೆದಿಡುತ್ತೇನೆ, ಮರೆತರೆ ಮತ್ತೆ ಹೆದರುತ್ತೇನೆ. ಔಷಧ ಬೇಗನೆ ಜೀವಕಣಗಳ ಒಳಗೆ ಹೋಗುತ್ತದೆ. ಪ್ರತಿ ಕಣದಲ್ಲಿ ಎರಡೆಳೆ ಹೊಸೆದ ದಾರವಂತೆ. ಅದರ ನಡುವೆ ಸಿಕ್ಕಿಕೊಳ್ಳುತ್ತದೆ. ಕಣ ಒಂದು ಎರಡಾಗಲು ದಾರ ಬಿಚ್ಚಬೇಕು — ಬಿಚ್ಚಲಾರದೆ ಸಾಯುತ್ತದೆ. ಕ್ಯಾನ್ಸರ್ ಬಲು ಬೇಗ ಎರಡಾಗುವುದು, ಅದಕ್ಕೇ ಏಟು. ಕೂದಲೂ ಹಾಗೇ ಬೆಳೆಯುವುದರಿಂದ ಅದೂ ಉದುರುತ್ತದೆ. ಹೃದಯಕ್ಕೂ ಭಾರ, ಎಕೋ ಸ್ಕ್ಯಾನ್ ನೋಡಿ, ಜನ್ಮಕ್ಕೆ ಇಷ್ಟೇ ಅಂತ ಅಳತೆ ಇಟ್ಟು ಕೊಡುತ್ತಾರೆ. ಹೊರಗೆ ಬರುವ ಕೆಂಪು ಮಿಕ್ಕದ್ದು. ಹೋಗಲೇಬೇಕು.

"ನೀರು ಯಾಕ ಕುಡೀಲಿಲ್ಲಮ್ಮಾ?" ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದರು.

"ನನಗ ಬ್ಯಾಡನಿಸ್ತ್ರಿ ಮೇಡಮ್," ಗಂಗಾ ಅಂದಳು.

"ಹಿಂಗಾದ್ರ ಮುಂದಿನ ಡೋಸ್ ಹೆಂಗ ಕೊಡ್ಲಿ?"

ಬೈಗುಳ ಅವಳಿಗೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

ಜೂನ್ 27

ಬಾಚಿದರೆ ಕೂದಲು ಕೈಗೇ ಬಂತು. ಅರಿವಿಲ್ಲದೆ ಲಡಿಯಂತೆ ಸುತ್ತಿದೆ.

"ಯಾವ ಬಣ್ಣ ಹಾಕ್ತೀರಿ?" ನಕ್ಕಳು.

ಕನಸಿನ ಬಿಳಿ ನೆನಪಾಯಿತು. ಉಳಿದದ್ದನ್ನು ಸಂಜೆ ನಾನೇ ಬೋಳಿಸಿದೆ.

ಜೂನ್ 29

ಎರಡನೆಯ ಕೀಮೋ. ಡಾಕ್ಟರಮ್ಮ ಡೋಸ್ ಬರೆಯುವ ಮೊದಲೇ ಬಾಯಿಬಿಟ್ಟೆ. "ನೀರು ಮುಚ್ಚಿಟ್ಟವ ನಾನ್ರಿ ಮೇಡಮ್. ಅಕಿದೇನೂ ತಪ್ಪಿಲ್ಲ." ಗಂಗಾ ನನ್ನ ಕಾಲು ತುಳಿದಳು. ತಡವಾಗಿತ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿದರು.

"ಹಂಗಾದ್ರ ಕುಡಿಸೋ ಕೆಲಸಾನೂ ನಿಮ್ದೇ."

ರಕ್ತ ಸರಿಯಿದೆ, ಕೊಡೋಣ ಎಂದರು.

ಜೂನ್ 30, ಬೆಳಗ್ಗೆ

ಅರೆನಿದ್ದೆ. ಬಚ್ಚಲಿನಿಂದ ಕೂಗು — "ಕೆಂಪೈತ್ರೀ!" ಹಬ್ಬದ ಸುದ್ದಿ ಹೇಳಿದಂತೆ.

ಹೋಗಲಿ ಬಿಡು ಎಂದೆ. ಚೊಂಬು ತುಂಬಿ ತಲೆದಿಂಬಿನ ಹತ್ತಿರ ಇಟ್ಟೆ. ಗಟಗಟ ಕುಡಿದಳು, ಮಲಗಿದಳು. ಬೋಳು ತಲೆಯ ಮೇಲೆ ಕಿಟಕಿಯ ಬಿಸಿಲು, ಅಂಗಳದಲ್ಲಿ ಒಣಹಾಕಿದ ನೂಲಿನ ನೆರಳು, ಆಡುತ್ತಾ… ನನಗೂ ಕಣ್ಣು ಎಳೆಯುತ್ತಿದೆ. ಎಲ್ಲೋ ನೀರು ಹರಿದಂತೆ. ತಿಳಿಯಾಗಿ…

ಕಣ್ಣು ಮುಚ್ಚಿಕೊಂಡೇ ಅಂದಳು —

"ರೀ, ಚೊಂಬು ಇಲ್ಲೇ ಐತೋ, ಮತ್ತ ಮಗ್ಗದ ಹಿಂದ ಹೋತೋ? ಇನ್ನೊಮ್ಮೆ ನೋಡ್ರಿ—"