ಒತ್ತದೆ ಬಂದ ಸಾಲು

೧೧, ಗುರುವಾರ

‘ಲೋಟದ ಬಿಸಿ ಆರುವ ಮೊದಲು...’ ಮುಂದೆ ‘ಬಾ’ ಎಂದಿತ್ತೋ, ‘ಹೋಗು’ ಎಂದಿತ್ತೋ? ಪಿಎಚ್.ಡಿ. ಪ್ರಬಂಧದಲ್ಲಿ ‘ಬಾ’ ಎಂದು ಬರೆದುಬಿಟ್ಟಿದ್ದೇನೆ. “ಆ ಸಾಲು ಎಲ್ಲಿದೆಯಮ್ಮಾ, ತೋರಿಸಿ” ಎಂದು ಗೈಡು ಪಟ್ಟು ಹಿಡಿದಿದ್ದಾರೆ.

ವೆಬ್ ಹೊಸದಾಗಿದ್ದಾಗ ಅಕ್ಕ ಬರೆದು ಅದರಲ್ಲಿ ಹಾಕಿದ ಪದ್ಯದ ಸಾಲು ಅದು. ಪರದೆಯ ಮೇಲಿನ ಪದವನ್ನು ಮೌಸಿನಿಂದ ಒತ್ತಿದರೆ ಮುಂದಿನ ಸಾಲು ತೆರೆಯುತ್ತದೆ, ಅವಳ ದನಿ ಓದುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಅದು ಏಳುವುದೇ ಇಲ್ಲ. ಅವಳು ತೀರಿಕೊಂಡ ಮೇಲೆ ಇವತ್ತು ಮೊದಲ ಸಲ ಅವಳ ಹಳೇ ಡಬ್ಬವನ್ನೇ ಆನ್ ಮಾಡಿದೆ. ಫ್ಯಾನು ಏದುಸಿರು ಬಿಡುತ್ತಾ ಎದ್ದಿತು.

ಇದ್ದಬದ್ದ ಪದವನ್ನೆಲ್ಲ ಒತ್ತಿದೆ. ಸಾಲು ಸಿಗಲಿಲ್ಲ. “ಓದೋದಕ್ಕಿಂತ ಒತ್ತೋದೇ ಜಾಸ್ತಿ ಕಣೇ ನೀನು, ಲಿಫ್ಟಿಗೆ ಕಾಯೋರ ಥರ” ಎಂದು ಆಗ ರೇಗಿಸುತ್ತಿದ್ದಳು. ಕಡೆಗೆ ಸೋತು, ಮೌಸ್ ಬಿಟ್ಟು ಸುಮ್ಮನೆ ಕೂತೆ. ಬಹಳ ಹೊತ್ತಿನ ಮೇಲೆ ಸಾಲು ತಾನಾಗಿಯೇ ಮೂಡಿತು. ಏನೂ ಒತ್ತದವರಿಗೆಂದೇ ಇಟ್ಟಿದ್ದಳು.

‘ಲೋಟದ ಬಿಸಿ ಆರುವ ಮೊದಲೇ ನೀನು ಬರಬೇಕೆಂದೇನಿಲ್ಲ.’

ಅವಳ ದನಿ ಅದನ್ನು ಓದಿತು, ಕೊನೆಯಲ್ಲಿ ಒಂದು ಸಣ್ಣ ಕೆಮ್ಮು. ತೆಗೆಯದೆ ಹಾಗೇ ಬಿಟ್ಟಿದ್ದಾಳೆ. ಪ್ರಬಂಧ ತಿದ್ದಬೇಕು ಎನ್ನುವುದು ತಲೆಗೇ ಬರಲಿಲ್ಲ. ಆ ಕೆಮ್ಮಿಗಾಗಿ, ದನಿ ಜೋರು ಮಾಡಿಕೊಂಡು, ಮತ್ತೆ ಮತ್ತೆ ಕಾದು ಕೂತೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಎದುರುಮನೆಯ ಅಜ್ಜಿ. ಎರಡು ವರ್ಷ ಮಗಳ ಮನೆಯಲ್ಲಿದ್ದು ಮೊನ್ನೆ ತಾನೇ ಬಂದವರು. ಅಕ್ಕ ತೀರಿಕೊಂಡದ್ದನ್ನು ಅವರಿಗೆ ಯಾರೂ ಹೇಳಿಲ್ಲ.

“ನಿಮ್ಮಕ್ಕ ಬಂದಿದ್ದಾಳೇನೇ? ದನಿ ಕೇಳಿಸ್ತು. ಮುಖ ನೋಡಿ ಎಷ್ಟು ಕಾಲ ಆಯ್ತು, ಕರಿ ಅವಳನ್ನ. ಚಪ್ಪಲಿ ಬಿಚ್ಚೋಲ್ಲ ನಾನು, ಇಲ್ಲೇ ನಿಂತಿರ್ತೀನಿ.”