ಮೂರು ಚುಕ್ಕಿಯ ಬೆಸುಗೆ

ವೆಲ್ಡಿಂಗ್ ಶೆಡ್ಡಿನ ಅಟ್ಟ,
ಹನ್ನೆರಡನೇ ತಾರೀಖು, ಬುಧವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆ ಆಯ್ತಾ, ಇಲ್ಲ ಈಗಲೂ ಗೋಡೆ ಹಿಡ್ಕೊಂಡೇ ಏಳ್ತೀಯಾ? ನಾನು ಚೆನ್ನಾಗಿದ್ದೀನಿ, ಎರಡು ಬೆರಳು ಸುಟ್ಕೊಂಡಿದ್ದು ಬಿಟ್ರೆ. ಎರಡು ವರ್ಷ ಆದಮೇಲೆ ಇವನಿಗೆ ನನ್ನ ಬೆನ್ನು ನೆನಪಾಯ್ತಾ ಅಂತ ಬೈಬೇಡ. ಬೈದರೂ ಪೂರ್ತಿ ಓದಿ ಬೈ. ನನ್ನ ಸ್ನೇಹಿತನನ್ನೇ, ನನಗೊಂದು ಮಾತೂ ಹೇಳದೆ ಮದುವೆ ಆದೆ ಅಂತ ನಿನ್ನ ಕಾಗದಗಳನ್ನೆಲ್ಲ ಒಡೆಯದೇ ವಾಪಸ್ ಕಳಿಸಿದವನು ನಾನು. ಕೊನೆಗೆ ಅಂಚೆಯವನೇ ರೇಗಿ, "ಏನಯ್ಯಾ, ನಿಮ್ಮಕ್ಕನ ಕಾಗದ ಹೊತ್ಕೊಂಡು ಹೋಗಿ ಬರೋಕೆ ನಾನೇನು ಬಸ್ಸಾ?" ಅಂದ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವನು ನಾನು, ತಪ್ಪಿದ್ರೆ ತಿದ್ಕೊಂಡು ಓದು.

ಈಗ ವಿಷಯ. ನಾನು ಯೇಸುವನ್ನ ನಂಬಿದೆ. ನೀನು ಚಿಕ್ಕಂದಿನಲ್ಲಿ ಕಿವಿ ಹಿಂಡಿ ಪ್ರಾರ್ಥನೆ ಸಭೆಗೆ ಎಳ್ಕೊಂಡು ಹೋದಾಗ ಆಗದೇ ಇದ್ದದ್ದು ಹೋದ ಚಳಿಗಾಲದಲ್ಲಿ ಆಯ್ತು. ನನ್ನ ಪಾಪ ಕ್ಷಮಿಸು, ಇನ್ಮೇಲೆ ನಾನು ನಿನ್ನವನು ಅಂತ ನೆಟ್ಟಗೆ ಕೇಳ್ದೆ. ಅಷ್ಟೇ. ಪಕ್ಕದವರೆಲ್ಲ ಅಳ್ತಾರೆ, ಮೈ ನಡುಗಿತು ಅಂತಾರೆ, ಎದೆ ಬೆಚ್ಚಗಾಯ್ತು ಅಂತಾರೆ. ನನಗೆ ಕಾಲು ಜೋಮು ಹಿಡೀತು. ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡಿ ಅಂತ ಸಭೆಯ ಹಿರಿಯರ ಹತ್ರ ಹೋದೆ, ಅದೇ, ಕನ್ನಡಕ ಮೂಗಿನ ತುದೀಲಿಟ್ಟು ಮಾತಾಡೋ ಟೈಲರ್. "ಒಳಗೆ ಏನನ್ನಿಸ್ತಪ್ಪಾ?" ಅಂದರು. ಏನೂ ಇಲ್ಲ ಅಂದೆ. "ಹಾಗಾದ್ರೆ ಕಾಯೋಣ, ಕಣ್ಣಲ್ಲಿ ನೀರು ಬರಲಿ" ಅಂದರು. ಮೈಯೆಲ್ಲ ಉರೀತು. ಈರುಳ್ಳಿ ಹೆಚ್ಕೊಂಡು ಬರ್ಲಾ ಅಂದುಬಿಟ್ಟೆ. ಆದರೆ ಹೊರಗೆ ಬಂದಮೇಲೆ ಭಯ ಹಿಡೀತು ಅಕ್ಕಾ. ಯೇಸು ನಿಜವಾಗ್ಲೂ ನನ್ನನ್ನ ಸೇರಿಸ್ಕೊಂಡೇ ಇಲ್ವೇನೋ ಅಂತ. ಒಂದು ತಿಂಗಳು ಊಟ ಸೇರಲಿಲ್ಲ.

ಮುಳ್ಳಜ್ಜ ನೆನಪಿದ್ದಾನಲ್ಲ? ಟ್ಯಾಂಕಿಗೆ ನೀರು ತುಂಬಿ, ಕೈಪಂಪಲ್ಲಿ ಒತ್ತಡ ಏರಿಸಿ, ಮೀಟರಿನ ಮುಳ್ಳು ಇಳಿಯುತ್ತಾ ಅಂತ ದಿಟ್ಟಿಸ್ಕೊಂಡು ಕೂರೋ ನಮ್ಮ ಶೆಡ್ಡಿನ ಮುದುಕ. ಅವನೂ ನಮ್ಮ ಸಭೆಯವನೇ, ಕೊನೇ ಬೆಂಚು. ಅವನ ಹತ್ರ ಹೇಳ್ಕೊಂಡೆ. "ಗಟ್ಟಿ ಅಂತ ನಿನಗೆ ಅನ್ನಿಸಿದ ಬೆಸುಗೆಯೆಲ್ಲ ಗಟ್ಟಿ ಇತ್ತೇನೋ?" ಅಂದ. ಎಲ್ಲಿಂದ! ಕನ್ನಡಿ ಹಾಗೆ ಹೊಳೆದದ್ದು ಸೋರಿದೆ, ಹಾಳಾಯ್ತು ಅಂತ ಕೊರಗಿದ್ದು ನಿಂತಿದೆ. "ಅಂದಮೇಲೆ ಅನ್ನಿಸಿದ್ದನ್ನ ಮೂಟೆ ಕಟ್ಟಿಡು. ಕರೆದವನು ಏನು ಮಾತು ಕೊಟ್ಟಿದಾನೆ, ಅದನ್ನ ನೋಡು. ಆಮೇಲೆ ಒತ್ತಡ ಬಿದ್ದಾಗ ನೀನು ಹಳೇ ನೀನೇನಾ ಅಂತ ನೋಡ್ಕೋ" ಅಂದ. ಬೈಬಲ್ ತೆಗೆದು ಬೆರಳಿಟ್ಟು ಓದ್ದೆ. ತನ್ನ ಹತ್ರ ಬಂದವನನ್ನ ಹೊರಗೆ ತಳ್ಳಲ್ಲ ಅಂತ ಯೇಸು ಮಾತು ಕೊಟ್ಟಿದಾನೆ. ಅಳ್ತಾ ಬಂದವನನ್ನ ಮಾತ್ರ ಅಂತ ಎಲ್ಲೂ ಇಲ್ಲ, ಎರಡು ಸಲ ಹುಡುಕಿದೆ.

ಹೋದ ಸೋಮವಾರ ಒತ್ತಡ ಬಿತ್ತು. ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆಯಿಂದ ಬಿಸಿನೀರಿನ ಟ್ಯಾಂಕೊಂದು ಸೋರ್ತಿದೆ ಅಂತ ರಿಪೇರಿಗೆ ಬಂತು. ಬೆಸುಗೆ ಪಕ್ಕದಲ್ಲಿ ಮೂರು ಚುಕ್ಕಿ. ವೆಲ್ಡರ್ ಆದವನು ತಾನು ಹಾಕಿದ ಬೆಸುಗೆ ಪಕ್ಕ ಪಂಚ್ ಹೊಡೆದು ಗುರುತು ಬಿಡ್ತಾನೆ, ಮೂರು ಚುಕ್ಕಿ ಅಂದ್ರೆ ನಿನ್ನ ಗಂಡ. ನಮ್ಮ ಓನರ್ ಹಲ್ಲು ಕಿರಿದು, "ನೋಡೋ ನಿಮ್ಮ ಭಾವನ ಕೈಚಳಕ! ಅವನ ಶೆಡ್ಡಿಗೆ ಇವತ್ತೇ ಹೇಳ್ತೀನಿ, ಮನೆಗೆ ಕಳಿಸ್ತಾರೆ" ಅಂದ. ಇಂಥ ದಿನಕ್ಕೆ ಎರಡು ವರ್ಷ ಕಾದಿದ್ದೆ, ಸುಳ್ಳು ಹೇಳಲ್ಲ. ಖುಷಿಯಾಗಿ ಬಗ್ಗಿ ನೋಡ್ದೆ. ಬಿರುಕು ಅವನ ಬೆಸುಗೆಯಲ್ಲಿ ಹುಟ್ಟಿರಲಿಲ್ಲ. ಅದರ ಮೇಲೆ ಕೂತಿದ್ದ, ಟ್ಯಾಂಕಿನ ಕಾಲು ಹಿಡಿದಿಡೋ ಪಟ್ಟಿಯಿಂದ ಶುರುವಾಗಿತ್ತು. ಆ ಪಟ್ಟಿ ಆರು ತಿಂಗಳ ಹಿಂದೆ ಕಾರ್ಖಾನೆಗೇ ಹೋಗಿ ಹಾಕಿ ಬಂದವನು ನಾನು. ಅವಸರಕ್ಕೆ ಬಿದ್ದು ಅವನ ಬೆಸುಗೆ ಮೇಲೇ ಬೆಸುಗೆ ಎಳೆದು, ಕರೆಂಟು ಜಾಸ್ತಿ ಇಟ್ಟು ಸುಟ್ಟಿದ್ದೆ. ಚಿಲ್ಲರೆ ಕೆಲಸ ಅಂತ ಗುರುತೂ ಹೊಡೆದಿರಲಿಲ್ಲ. ಬಾಯಿ ಮುಚ್ಕೊಂಡಿದ್ರೆ ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ.

ಆಗ ನನಗೆ ಏನನ್ನಿಸ್ತು ಗೊತ್ತಾ? ಏನೂ ಇಲ್ಲ. ಎದೆ ಬೆಚ್ಚಗಾಗ್ಲಿಲ್ಲ, ಭಾವನ ಮೇಲೆ ಪ್ರೀತಿ ಉಕ್ಕಲಿಲ್ಲ. ಪಂಚ್ ತಗೊಂಡು ಎಲ್ಲರೆದುರು ಆ ಪಟ್ಟಿ ಪಕ್ಕ ನನ್ನ ಗುರುತು, ಅಡ್ಡಗೀಟು, ಹೊಡೆದೆ. "ಇದು ನಂದು. ಅವನ ಕೆಲಸ ಸರಿಯಾಗಿದೆ" ಅಂದೆ. ಓನರ್ ನಮ್ಮಪ್ಪನವರೆಗೂ ಹೋಗಿ ಬೈದ. ಒಂದು ತಿಂಗಳು ವೆಲ್ಡಿಂಗ್ ಹೋಲ್ಡರ್ ಮುಟ್ಟಬೇಡ, ತುಕ್ಕು ಉಜ್ಜು ಅಂದ. ಹಳೇ ನಾನಾಗಿದ್ರೆ ಅವನ ಮೂಗು ಚಪ್ಪಟೆ. ಈಗ ಉಜ್ತಾ ಇದ್ದೀನಿ.

ಬಿರುಕು ಸರಿಮಾಡಿ ಮುಳ್ಳಜ್ಜ ನೀರು ತುಂಬಿ ಒತ್ತಡ ಏರಿಸಿದ. ಅರ್ಧ ಗಂಟೆ. ಭಾವನ ಬೆಸುಗೆ ಉದ್ದಕ್ಕೂ ಒಂದು ಹನಿ ಜಿನುಗಲಿಲ್ಲ. ಹೆಮ್ಮೆ ಆಯ್ತು ಕಣೇ, ನಮ್ಮನೆ ಅಳಿಯನ ಕೈ ಅಂತ. ಮುದುಕ ಮೀಟರಿಂದ ಕಣ್ಣು ತೆಗೀದೇನೇ, "ನಿನ್ನ ಮುಳ್ಳೂ ಇಳೀಲಿಲ್ಲ ಬಿಡೋ" ಅಂದ. ಹಾಗಾದ್ರೆ ತಪ್ಪು ಒಪ್ಕೊಂಡ ಈ ಕೆಲಸದಿಂದ ನನಗೆ ರಕ್ಷಣೆ ಸಿಕ್ತಾ ಅಂದೆ. "ದಡ್ಡ ಮುಂಡೇದೇ, ಪರೀಕ್ಷೆ ಟ್ಯಾಂಕನ್ನ ಗಟ್ಟಿ ಮಾಡುತ್ತೇನೋ? ಗಟ್ಟಿ ಮಾಡಿದವನು ಬೇರೆ. ಪರೀಕ್ಷೆ ತೋರಿಸುತ್ತೆ ಅಷ್ಟೇ" ಅಂದ. ಇದನ್ನೆಲ್ಲ ನಿನ್ನೆ ಟೈಲರಿಗೆ ಹೋಗಿ ಒಂದೇ ಉಸಿರಲ್ಲಿ ಒದರಿದೆ. ಅವರು ಕನ್ನಡಕ ತೆಗೆದು ಒರೆಸ್ಕೊಂಡರು. ಕೊನೆಗೂ ಕಣ್ಣೀರು ಬಂದಿದ್ದು ಅವರಿಗೆ, ನನಗಲ್ಲ.

ಬೆನ್ನು ಜೋಪಾನ. ಭಾರ ಎತ್ತಬೇಡ. ಯೇಸು ನಿಮ್ಮಿಬ್ಬರನ್ನೂ ಕಾಯಲಿ. ಊಟದ ಬಿಡುವು ಮುಗೀತು, ತುಕ್ಕು ಕರೀತಿದೆ.

ನಿನ್ನ ತಮ್ಮ,
ಕಿಡಿ

ತಾ.ಕ.: ಈ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನನ್ನ ದೀಕ್ಷಾಸ್ನಾನ. ನೀರಿಂದ ಮೇಲೆ ಬಂದವನಿಗೆ ಮನೆಯವರೊಬ್ಬರು ಟವೆಲ್ ಹಿಡ್ಕೊಂಡು ನಿಂತಿರಬೇಕಂತೆ. ಟೈಲರ್ ಯಾರು ಅಂತ ಕೇಳಿದರು. ಭಾವನ ಹೆಸರು ಕೊಟ್ಟಿದೀನಿ. ಕರ್ಕೊಂಡು ಬಾ.